ಹೂಂಗುಟ್ಟುವವಳು

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಸೇರಿ ಬಹಳ ವರ್ಷ ಬಟ್ಟೆ ಹೊಲಿದರು. ಅತ್ತಿಗೆ ಎಂದರೆ ನನ್ನ ಅತ್ತಿಗೆಯಲ್ಲ. ನಾದಿನಿ ಕೂಗುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಅತ್ತಿಗೆಯಾಗಿದ್ದಳು. ಕತ್ತರಿ ಮತ್ತು ಮಾತು ಅವಳವು. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ನಾದಿನಿಯವು. ಅತ್ತಿಗೆ ಯಾರಾದರೂ ಗಿರಾಕಿಯ ಕಥೆ ತೆಗೆದರೆ ನಾದಿನಿ ದಾರ ಕಚ್ಚಿಕೊಂಡೇ "ಹೂಂ" ಎನ್ನುತ್ತಿದ್ದಳು. ನಂಬಿದರೆ ಗಿಡ್ಡ ಹೂಂ, ಅನುಮಾನವಿದ್ದರೆ ಉದ್ದದ ಹೂಂ. ಸುಳ್ಳು ಅತಿಯಾದರೆ ಮಾತ್ರ ದಾರ ಉಗಿದು, "ಅತ್ತಿಗೆ, ಸ್ವಲ್ಪ ಒಳಗೆ ಹಿಡೀರಿ, ತೀರಾ ದೊಗಳೆ ಆಯ್ತು" ಎನ್ನುವಳು.

ಸಣ್ಣ ಜ್ವರವೆಂದು ಮಲಗಿದ ನಾದಿನಿ ಏಳಲಿಲ್ಲ. ಅತ್ತಿಗೆ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಅವರು ಹೋದ ಮೇಲೆ ಮಡಿಸಿಟ್ಟಳು. ಆಮೇಲೆ ಅಂಗಡಿ ತೆರೆದಳು.

ಅಂಗಡಿಗೆಂದು ಅತ್ತಿಗೆಯ ಮಗಳು ಒಂದು ಬ್ಲಾಗ್ ಮಾಡಿಕೊಟ್ಟಿದ್ದಳು. ಅದರಲ್ಲಿ ನಾದಿನಿಯ ಬಗ್ಗೆ ತಾನೇ ಬರೆಯಬೇಕೆಂದು ಅತ್ತಿಗೆಗೆ ಹಟ ಹುಟ್ಟಿತು.

"ಎಲ್ಲರೂ ನನ್ನನ್ನೇ ನೋಡಿದ್ರು ಮೇಷ್ಟ್ರೇ. ಅವಳು ಕೂಲಿಗೆ ಬಂದವಳು ಅಂದ್ಕೊಂಡವರೂ ಇದ್ದಾರೆ. ಅವಳು ಎಂಥವಳು ಅಂತ ಒಂದ್ಸಲ ಜನಕ್ಕೆ ಗೊತ್ತಾಗಬೇಕು."

ಬರೆದದ್ದನ್ನು ತಿದ್ದಿಕೊಡಲು ನನ್ನ ಬಳಿ ತಂದಳು. 'ಮೃತರು ಮಿತಭಾಷಿಯೂ ಶ್ರಮಜೀವಿಯೂ ಆಗಿದ್ದು, ಅವರ ಅಗಲಿಕೆಯಿಂದ ತುಂಬಲಾರದ ನಷ್ಟವುಂಟಾಗಿದೆ.' ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

"ಆಫೀಸಿನ ನೋಟೀಸಿನ ಹಾಗಿದೆಯಲ್ಲಮ್ಮ."

"ನಂಗೂ ಗೊತ್ತು. ಬರೆಯೋಕೆ ಕೂತರೆ ಇದೇ ಬರುತ್ತೆ. ಒಳಗೆಲ್ಲ ಮರಗಟ್ಟಿದೆ."

"ಬಾಯಲ್ಲಿ ಹೇಳು. ನಾನು ಹೂಂಗುಟ್ಟುತ್ತೇನೆ."

ಹೇಳತೊಡಗಿದಳು. ನಾನೂ ಶ್ರದ್ಧೆಯಿಂದ ಹೂಂಗುಟ್ಟಿದೆ. ಸ್ವಲ್ಪ ಹೊತ್ತಿಗೇ ನಿಲ್ಲಿಸಿಬಿಟ್ಟಳು.

"ಬೇಡ ಮೇಷ್ಟ್ರೇ. ನಿಮ್ಮ ಹೂಂ ಕೇಳಿದ್ರೆ ಪಾಠ ಒಪ್ಪಿಸಿದ ಹಾಗಾಗುತ್ತೆ. ಎಲ್ಲಿ ತಪ್ಪುತ್ತಾಳೋ ಅಂತ ಕಾಯ್ತಾ ಇರೋ ಹೂಂ ಅದು."

ಹುಟ್ಟುಗುಣ ಸುಟ್ಟರೂ ಹೋಗದು. ನನ್ನದಂತೂ ಪಿಂಚಣಿ ಬಂದ ಮೇಲೂ ಹೋಗಿಲ್ಲ.

"ಹಾಗಾದರೆ ಯಾರ ಹೂಂ ಬೇಕೋ ಅವಳಿಗೇ ಬರಿ," ಎಂದೆ.

ಈ ಮುದುಕನಿಗೆ ಅರಳುಮರಳು ಎಂಬಂತೆ ನನ್ನನ್ನು ನೋಡಿ ಎದ್ದು ಹೋದಳು.

ಕೆಲವು ದಿನ ಬಿಟ್ಟು ಫೋನು ಹಿಡಿದು ಬಂದಳು. ಏರಿಳಿತವಿಲ್ಲದೆ ಓದಿದಳು:

'ಏನೇ, ಆ ಮದುಮಗನ ಕೋಟಿನ ವಿಷಯ ಹೇಳ್ತೀನಿ, ಕೇಳಿಸ್ಕೋ. ಎರಡು ಕಡೆಗೂ ಎಡಗೈ ತೋಳನ್ನೇ ಕೂಡಿಸಿದ್ದು ನಾನು. ನೀನು ಅಂತ ಎಲ್ಲರ ಹತ್ರ ಹೇಳಿದ್ದೆ, ನಿಜ, ಹೂಂ ಉದ್ದ ಮಾಡಬೇಡ. ಮದುವೆ ದಿನ ಅವನು ಬಂದು ನಿಂತಾಗ ನಾನು ಕತ್ತರಿ ಹುಡುಕೋ ಹಾಗೆ ಬಗ್ಗಿಬಿಟ್ಟೆ. ನೀನು ದಾರ ಉಗಿದು, "ಸಾರ್, ದೊಡ್ಡ ಮನುಷ್ಯರೆಲ್ಲ ಬಲಗೈ ಜೇಬಲ್ಲಿಟ್ಟುಕೊಂಡೇ ಫೋಟೋ ತೆಗೆಸಿಕೊಳ್ಳೋದು" ಅಂದೆ. ಅವನು ಊಟಕ್ಕೂ ಕೈ ತೆಗೆಯಲಿಲ್ಲವಂತೆ. ಹೆಂಡತಿಯೇ ತುತ್ತು ಕೊಟ್ಟಳಂತೆ. ಎಂಥಾ ಜೋಡಿ ಅಂತ ಜನ ಹೊಗಳಿದ್ದೇ ಹೊಗಳಿದ್ದಂತೆ.'

ನಾನು ನಕ್ಕೆ. ಅವಳು ನಗಲಿಲ್ಲ.

"ಇಲ್ಲಿಗೆ ನಿಂತಿದೆ ಮೇಷ್ಟ್ರೇ. ಇಲ್ಲೀವರೆಗೆ ಅವಳಿಗೆ ಗೊತ್ತಿರೋದು. ಮುಂದಿನದು ಅವಳಿಗೆ ಗೊತ್ತಿಲ್ಲ. ನೀನು ಸತ್ತೆ ಅಂತ ಅವಳಿಗೇ ಹೇಗೆ ಹೇಳೋದು?"

ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಮರಳಿ ಬಂದಾಗ ಅವಳು ಒಂದೇ ಬೆರಳಿನಿಂದ ಬರೆಯುತ್ತಿದ್ದಳು. ಚಹಾ ಮುಟ್ಟಲಿಲ್ಲ. ಮುಗಿಸಿ ಫೋನನ್ನು ನನ್ನ ಕೈಗಿತ್ತಳು.

'ಆ ಜ್ವರದಿಂದ ನೀನು ಏಳಲಿಲ್ಲ ಕಣೇ. ನಿನ್ನ ಕನ್ನಡಕ ಮಿಷನ್ನಿನ ಡ್ರಾಯರಿನಲ್ಲಿದೆ. ನೀನು ಅರ್ಧಕ್ಕೆ ಬಿಟ್ಟ ನೀಲಿ ಅಂಗಿಗೆ ಉಳಿದ ಕಾಜಾ ನಾನೇ ಹಾಕಿದೆ. ನಿನ್ನಷ್ಟು ಚೆನ್ನಾಗಿ ಬರಲಿಲ್ಲ. ಗಿರಾಕಿ ಏನೂ ಅನ್ನಲಿಲ್ಲ. ನಂಗೆ ಇನ್ನೂ ಅಳು ಬಂದಿಲ್ಲ. ಬೇಜಾರು ಮಾಡ್ಕೋಬೇಡ.'

"ಬ್ಲಾಗಿಗೆ ಹಾಕಲಾ?" ಎಂದಳು.

"ಹಾಕಮ್ಮ."

ಒತ್ತಿದಳು. ಕೆಳಗೆ ಯಾರೋ ಅಂಗಡಿಯ ಬಾಗಿಲು ತಟ್ಟುತ್ತಿದ್ದರು. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.