ಹಲ್ಲಿ ಟೀಚರ್

ಅವರ ಎರಡೂ ಅಂಗೈಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣದ ಬಿಳುಪಲ್ಲ, ಗೋಡೆಗೆ ಬಳಿದ ಸುಣ್ಣದ ಬಿಳುಪು. ಬೆರಳ ಸಂದಿಗಳಲ್ಲಿ, ಉಗುರಿನ ಬುಡದಲ್ಲಿ, ಕೆಲವು ಸಲ ಒಂದು ಕೆನ್ನೆಯ ಮೇಲೂ ಅದು ಇರುತ್ತಿತ್ತು. ಕೈ ತೊಳೆದುಕೊಂಡು ಬಂದು ನಾಲ್ಕು ಜನರೆದುರು ನಿಲ್ಲಬೇಕು ಅನ್ನುವ ಸೌಜನ್ಯ ಅವರಿಗಿರಲಿಲ್ಲ. ಅದೇ ಕೈಯನ್ನು ನಮ್ಮ ಮುಖದ ಮುಂದೆ ಆಡಿಸಿ, "ಹಿಂದ ಸರೀರಿ, ಮಕ್ಕಳಿಗೆ ಹಾದಿ ಬಿಡ್ರಿ" ಎನ್ನುತ್ತಿದ್ದರು. ಏರಿದ ದನಿಯಲ್ಲಿ ಅಲ್ಲ. ಅವರ ದನಿ ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವಂಥದ್ದು. ದೂರ ನಿಂತವರು ಕೇಳಬೇಕೆಂದರೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾವು ಮುಚ್ಚಿಕೊಳ್ಳುತ್ತಿರಲಿಲ್ಲ.

ಕುರುಗೋಡಿನ ಒಂದು ಸಣ್ಣ ಖಾಸಗಿ ಶಾಲೆ ಅದು. ಹಿಂದೆ ಬಂಡೆಗಳ ಗುಡ್ಡ, ಮುಂದೆ ಬಸ್ಸು ಓಡಾಡುವ ರಸ್ತೆ, ನಡುವೆ ಒಂದು ಅಂಗಳ. ನನ್ನ ಮಗಳು ಎಲ್‌ಕೆಜಿ ಸೇರಿದ ವರ್ಷವೇ ಅವರೂ ಬಂದರು. ಸಿರುಗುಪ್ಪದಿಂದ ದಿನವೂ ಬಸ್ಸು. ಅಲ್ಲಿನ ಒಂದು ಶಾಲೆಯಲ್ಲಿ ಪಾಲಕರ ಜೊತೆ ಜಗಳವಾಗಿ ಬಿಟ್ಟು ಬಂದವರು ಎಂಬ ಸುದ್ದಿ ಅವರಿಗಿಂತ ಮೊದಲೇ ಊರಿಗೆ ಬಂದಿತ್ತು. ಮೊದಲ ಪಾಲಕರ ಸಭೆಯಲ್ಲೇ ಆ ಸುದ್ದಿ ಸುಳ್ಳಿರಲಿಕ್ಕಿಲ್ಲ ಅನ್ನಿಸಿತು.

"ಮನ್ಯಾಗ ಬರ್ಸಾಕ ಹೋಗಬ್ಯಾಡ್ರಿ," ಎಂದರು. "ಬಳ್ಳೊಳ್ಳಿ ಸುಲಿಯಾಕ ಕೊಡ್ರಿ. ಹಿಟ್ಟು ನಾದಾಕ ಕೊಡ್ರಿ. ಅಂಗಿ ಗುಂಡಿ ಅವರ ಹಾಕ್ಕೊಳ್ಳಿ. ಬೆರಳು ಗಟ್ಟಿ ಆದ್ರ ಪೆನ್ಸಿಲ್ ತಾನಾ ಹಿಡೀತಾರ. ರಾತ್ರಿ ಮಲಗೂ ಮುಂದ ಒಂದು ಕತಿ ಹೇಳ್ರಿ. ಹೇಳಾಕ ಬರದಿದ್ರ ಇವತ್ತು ನೀವು ಏನೇನು ಮಾಡಿದ್ರಿ ಅದನ್ನ ಹೇಳ್ರಿ. ಇನ್ನೊಂದು, ಏನು ಹೇಳೂದಿದ್ರೂ ಒಂದ ಸಲ ಹೇಳ್ರಿ. ಹೇಳಿ, ಕಾಯ್ರಿ."

"ಒಂದು ಸಲಕ್ಕ ಕೇಳ್ತಾವೇನ್ರಿ ಇವು?" ಎಂದು ಯಾರೋ ನಕ್ಕರು.

"ನೀವು ಹತ್ತು ಸಲ ಕರೀತೀರಿ. ಮೊದಲಿನ ಒಂಬತ್ತು ಸಲ ಕೇಳಬಾರದು ಅಂತ ಅವು ಕಲ್ತಾವ. ಕಲಿಸಿದವ್ರು ನೀವ."

ನಗು ನಿಂತಿತು. ಭತ್ತದ ಮಿಲ್ಲಿನಲ್ಲಿ ಮೇಲ್ವಿಚಾರಕರಾಗಿದ್ದ ಒಬ್ಬರು ಎದ್ದು ನಿಂತರು. ಅವರನ್ನು ನಾವೆಲ್ಲ ಮಿಲ್ಲಿನಣ್ಣ ಎಂದು ಕರೆಯುತ್ತಿದ್ದೆವು. ಅವರ ಮಗಳೂ ನನ್ನ ಮಗಳೂ ಒಂದೇ ಬೆಂಚು.

"ಮನ್ಯಾಗ ನಾವ ಕಲಸೂದಾದ್ರ ನೀವ್ಯಾಕ್ರಿ ಮತ್ತ?"

"ನಾನು ನಿಮ್ಮ ಮಕ್ಕಳಿಗೆ ಕಲಿಸಾಕ ಬಂದೀನಿ. ನಿಮಗೂ ಕಲಸೂದು ಐತಿ ಅಂತ ಇವತ್ತ ಗೊತ್ತಾತು."

ಅಂದಿನಿಂದ ದ್ವೇಷ ಶುರುವಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ದ್ವೇಷಕ್ಕೆ ದಿನವೂ ಮೇವು ಹಾಕಿದ್ದು ಒಂದು ಆಟ. ತರಗತಿಯ ಹೊರಗೆ, ಅಂಗಳದ ಒಂದು ಪಕ್ಕಕ್ಕೆ, ಉದ್ದಕ್ಕೂ ಸುಣ್ಣ ಬಳಿದ ಗೋಡೆಯಿತ್ತು. ಮಕ್ಕಳು ಅಂಗಳದಲ್ಲಿ ಓಡಾಡಿಕೊಂಡಿರುವಾಗ ಟೀಚರ್ ಎರಡು ಚಪ್ಪಾಳೆ ತಟ್ಟಿ ಎರಡೂ ಅಂಗೈ ಮೇಲಕ್ಕೆತ್ತುತ್ತಿದ್ದರು. ಬಾಯಿಯಿಂದ ಒಂದು ಮಾತೂ ಇಲ್ಲ. ಅಷ್ಟಕ್ಕೇ ಮಕ್ಕಳೆಲ್ಲ ಎಲ್ಲಿದ್ದರೆ ಅಲ್ಲಿಂದ ಓಡಿ ಗೋಡೆಗೆ ಹಲ್ಲಿಗಳ ಹಾಗೆ ಅಂಟಿಕೊಳ್ಳಬೇಕು. ಅಂಗೈ, ಹೊಟ್ಟೆ, ಕೆನ್ನೆ ಎಲ್ಲ ಗೋಡೆಗೆ ಒತ್ತಿರಬೇಕು. ಅಲುಗಿದರೆ ಹುಳ ಹಾರಿಹೋಗುತ್ತದೆ. ಟೀಚರ್ ತಾವೂ ಅಂಟಿಕೊಂಡು ನಿಂತು, ತಮಗೆ ಸಾಕೆನಿಸಿದಾಗ ಮೆಲ್ಲಗೆ "ಹುಳ ಸಿಕ್ತು" ಎನ್ನುತ್ತಿದ್ದರು. ಆಗಷ್ಟೇ ಬಿಡುಗಡೆ. ಅದಕ್ಕೂ ಮೊದಲು ಮೂಗು ತುರಿಸಿಕೊಂಡವರಿಗೆ ಆ ದಿನ ಹುಳ ಇಲ್ಲ.

ಮನೆಗೆ ಬರುವ ಹೊತ್ತಿಗೆ ಮಗಳ ಮೆರೂನ್ ಯೂನಿಫಾರ್ಮಿನ ಹೊಟ್ಟೆಯೆಲ್ಲ ಸುಣ್ಣ. ಉಜ್ಜಿದಷ್ಟೂ ಬಟ್ಟೆಯೊಳಕ್ಕೆ ಇಳಿಯುವ ಸುಣ್ಣ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಲ್ಲಿಯ ಚಿತ್ರ ಹಾಕಿ "ನಮ್ಮ ಮಗು ಪಾಸಾಯಿತು" ಎಂದು ಬರೆದರು. ಅವರಿಗೆ ಹಲ್ಲಿ ಟೀಚರ್ ಎಂಬ ಹೆಸರು ಬಿದ್ದದ್ದು ಅಂದೇ.

"ಇದು ಸಾಲಿನೋ ಸುಣ್ಣದ ಭಟ್ಟಿನೋ?" ಎಂದು ಮಿಲ್ಲಿನಣ್ಣ ಗೇಟಿನಲ್ಲಿ ಕೇಳಿದರು.

"ಕೇಳಿಸ್ಕೊಳ್ಳಾಕ ಕಲೀತಾರ್ರಿ. ಅದು ಬರದಿದ್ರ ಅಕ್ಷರ ಬರಾಂಗಿಲ್ಲ."

"ಎ ಬಿ ಸಿ ಡಿ ಯಾವಾಗ ಬರಸ್ತೀರಿ?"

"ಕೈ ಗಟ್ಟಿ ಆದ ಮ್ಯಾಲ. ಬಳ್ಳೊಳ್ಳಿ ಸುಲಿಸಿದ್ರೇನು?"

"ನನ್ನ ಮಗಳು ಅಡಗಿ ಮಾಡಾಕ ಸಾಲಿಗೆ ಬರಾಂಗಿಲ್ಲವ್ವಾ!"

"ಅಂಗಿ ಹಾಕ್ಕೊಳ್ಳಾಕೂ ಬರಾಂಗಿಲ್ಲ. ದಿನಾ ಹೊರಳಿಮರಳಿ ಗುಂಡಿ ನಾನ ಹಾಕ್ತೀನಿ."

ನನ್ನನ್ನೂ ಅವರು ಬಿಡಲಿಲ್ಲ. ಒಂದು ಬೆಳಿಗ್ಗೆ ಮಗಳ ಶೂ ಹಾಕಲು ನಾನು ಬಗ್ಗಿದ್ದನ್ನು ನೋಡಿ, "ಬಿ.ಕಾಂ. ಮಾಡೀರಂತ. ಅದನ್ನೂ ನಿಮ್ಮವ್ವಾರ ಬರದು ಕೊಟ್ರೇನು?" ಎಂದರು. ಹಿಂದೆ ನಿಂತ ಹೆಂಗಸರು ಕಿಸಕ್ಕೆಂದರು. ಹಟಕ್ಕೇ ಟೀಚರ್ ಹೇಳಿದ್ದನ್ನು ಮಾಡಿ ನೋಡಿದೆ, ಆಗುವುದಿಲ್ಲ ಎಂದು ತೋರಿಸಬೇಕೆಂದು. "ಹಾಲು ಕುಡಿ ಬಾ" ಎಂದು ಒಂದೇ ಸಲ ಹೇಳಿ ಸುಮ್ಮನೆ ಕೂತೆ. ಹಾಲು ಆರಿತು, ಕೆನೆ ಕಟ್ಟಿತು. ಮಗಳು ಬಂದು ನೋಡಿ, "ಯವ್ವಾ, ಯಾಕ ಬೈಲಿಲ್ಲ ನೀನು?" ಎಂದು ಅಳುಮೋರೆ ಮಾಡಿದಳು. ಮೂರ್ನಾಲ್ಕು ದಿನ ಹೀಗೇ ಆಯಿತು. ಆಮೇಲೊಂದು ಸಂಜೆ ನಾನು ಹೇಳಿದ ಮೊದಲ ಮಾತಿಗೇ ತಲೆಯೆತ್ತಿ ನೋಡಿದಳು. ಅದನ್ನು ನಾನು ಟೀಚರಿಗೆ ಹೇಳಲಿಲ್ಲ. ಅವರಿಗೆ ಆ ಸುಖ ಕೊಡಲು ಮನಸ್ಸಾಗಲಿಲ್ಲ.

ವರ್ಷ ಮುಗಿಯುತ್ತ ಬಂದಾಗ ಬಳ್ಳಾರಿಯ ದೊಡ್ಡ ಶಾಲೆಗಳಲ್ಲಿ ಪ್ರವೇಶಕ್ಕೆ ಮಕ್ಕಳ ಕೈಲಿ ಬರೆಸಿ ನೋಡುತ್ತಾರೆಂಬ ಮಾತು ಹಬ್ಬಿತು. ಯಾರದೋ ಅಕ್ಕನ ಮಗ ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬರೆದು ಬಂದನಂತೆ. ನಮ್ಮ ಮಕ್ಕಳು ಬಳ್ಳಾರಿಯಲ್ಲಿ ಹಲ್ಲಿಯಾಗಿ ತೋರಿಸಬೇಕೇ? ವಾಟ್ಸಾಪ್ ಗುಂಪು ಕುದಿಯಿತು. ಟೀಚರನ್ನು ತೆಗೆಯಲೇಬೇಕು, ಶಾಲೆ ಬಿಡುವ ಹೊತ್ತಿಗೆ ಎಲ್ಲರೂ ಗೇಟಿಗೆ ಬರಬೇಕು ಎಂದು ಮಿಲ್ಲಿನಣ್ಣ ಬರೆದರು. ನಾನು ಮಗಳನ್ನು ಕರೆದುಕೊಂಡು ಬರಲು ಹೇಗೂ ಹೋಗಬೇಕಿತ್ತು. ಹೋದೆ.

ಗೇಟು ನೆಲದ ಕಂಬಿಯ ಮೇಲೆ ಗಾಲಿಗಳಿಂದ ಸರಿಯುವಂಥದ್ದು, ಆಳೆತ್ತರದ ಕಬ್ಬಿಣ. ಮೇಲೆ ಅದನ್ನು ಹಿಡಿದಿಡುವ ಕೊಂಡಿ ಯಾವಾಗಲೋ ಮುರಿದು, ಅಲ್ಲಿ ತಂತಿ ಸುತ್ತಿದ್ದರು. ಆ ತಂತಿಯನ್ನು ದಿನವೂ ನೋಡುತ್ತಿದ್ದೆವು. ಯೂನಿಫಾರ್ಮಿನ ಸುಣ್ಣಕ್ಕೆ ಜಗಳ ತೆಗೆದ ನಾವು ಯಾರೂ ಆ ತಂತಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಗೇಟು ಮುಚ್ಚಿತ್ತು. ಶಾಲೆಯ ಮಾಲೀಕರು ಆಫೀಸಿನ ಕಿಟಕಿಯಿಂದ ಇಣುಕಿ, "ಟೀಚರ್ ಹತ್ರನ ಮಾತಾಡ್ರಿ" ಎಂದು ಕಿಟಕಿ ಹಾಕಿಕೊಂಡರು. ಮಕ್ಕಳು ಬ್ಯಾಗು ಹಾಕಿಕೊಂಡು ಅಂಗಳಕ್ಕೆ ಬಂದಿದ್ದರು. ಟೀಚರ್ ಗೇಟಿಗೂ ಮಕ್ಕಳಿಗೂ ನಡುವೆ ಬಂದು ನಿಂತರು.

"ಇಷ್ಟು ಮಂದಿ ಒಮ್ಮೆಲೇ ಕೂಗ್ಯಾಡಿದ್ರ ಮಕ್ಕಳು ಹೆದರ್ತಾವ. ದೂರ ಹೋಗ್ರಿ. ಆಮ್ಯಾಲ ಗೇಟ್ ತೆಗೀತೀನಿ."

"ತೆಗೀರಿ ಮೊದ್ಲು! ನಮ್ಮ ಮಕ್ಕಳನ್ನ ನಾವು ಒಯ್ಯಾಕ ನಿನ್ನ ಪರ್ಮಿಷನ್ ಬೇಕೇನವ್ವಾ?" ಎಂದು ಮಿಲ್ಲಿನಣ್ಣ ಕೂಗಿದರು.

"ಮಾತು ಸರಿ ಇರ್ಲಿ. ದೂರ ಹೋಗ್ರಿ."

ಆ ಸಣ್ಣ ದನಿ ಮುಂದಿನ ಸಾಲಿನ ಆಚೆ ಯಾರಿಗೂ ಕೇಳಲಿಲ್ಲ. ಹಿಂದಿನವರು "ಏನಂತಾಳ? ಏನಂತಾಳ?" ಎನ್ನುತ್ತ ಒತ್ತಿದರು. ಮುಂದಿದ್ದವರು ಗೇಟಿಗೆ ಕೈ ಹಾಕಿದರು. ಗೇಟು ಒಳಕ್ಕೆ ತೂಗಿತು, ಹೊರಕ್ಕೆ ಬಂತು. ಅದು ತೂಗಿದ್ದು ಕೆಲವರಿಗೆ ಹುರುಪು ತಂದಿತು. ಎಲ್ಲರೂ ಸೇರಿ ಅಲ್ಲಾಡಿಸತೊಡಗಿದರು. ತಮ್ಮ ಅಪ್ಪ ಅವ್ವಂದಿರನ್ನು ಕಂಡು ಮಕ್ಕಳು ಗೇಟಿನ ಕಡೆಗೇ ಓಡಿಬಂದವು.

ತಂತಿ ಕಿತ್ತುಹೋದದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ, ಮಿಕ್ಸಿ ನಿಲ್ಲಿಸಿದಾಗ, ಬಸ್ಸಿನ ಬಾಗಿಲು ಹಾಕಿದಾಗ. ಗೇಟಿನ ತಲೆ ಒಳಕ್ಕೆ ವಾಲಿತು. ಗೇಟಿನ ಸರಳು ಹಿಡಿದಿದ್ದ ಕೈಗಳು ಅದನ್ನು ಹಿಂದಕ್ಕೆಳೆಯಲು ನೋಡಿದವು, ಆಗಲಿಲ್ಲ. ಆಗ ನಾವೆಲ್ಲ ನಮ್ಮ ನಮ್ಮ ಮಕ್ಕಳ ಹೆಸರು ಹಿಡಿದು ಕಿರುಚಿದೆವು. "ಬಾ" ಎಂದವರಿದ್ದರು, "ಹೋಗು" ಎಂದವರಿದ್ದರು. ನಾನು ಏನೆಂದೆನೋ ನನಗೆ ಗೊತ್ತಿಲ್ಲ.

ಟೀಚರ್ ಎರಡು ಚಪ್ಪಾಳೆ ತಟ್ಟಿದರು. ಅಂಗೈ ಎತ್ತಿದರು.

ಮಕ್ಕಳು ನಮಗೆ ಬೆನ್ನು ತಿರುಗಿಸಿದವು. ಹೆತ್ತವರು ಗಂಟಲು ಹರಿಯುವಂತೆ ಕೂಗುತ್ತಿರುವಾಗ, ಒಬ್ಬರ ಮುಖವನ್ನೂ ನೋಡದೆ, ಬ್ಯಾಗುಗಳನ್ನು ಕುಣಿಸುತ್ತ ಪಕ್ಕದ ಗೋಡೆಗೆ ಓಡಿ ಅಂಟಿಕೊಂಡವು. ನನ್ನ ಮಗಳ ಎರಡು ಜಡೆ ನಾನು ನೋಡಿದೆ, ಮುಖ ನೋಡಲಿಲ್ಲ. ಒಂದು ಮಗು ಮಾತ್ರ ಅಂಗಳದ ನಡುವೆ ನಿಂತುಬಿಟ್ಟಿತು. ಮಿಲ್ಲಿನಣ್ಣನ ಮಗಳು. ಅಪ್ಪ ಕೂಗುತ್ತಿದ್ದ ದಿಕ್ಕಿಗೊಮ್ಮೆ, ಗೆಳತಿಯರು ಓಡಿದ ದಿಕ್ಕಿಗೊಮ್ಮೆ ನೋಡಿತು. ಟೀಚರ್ ಹಾರಿ ಅದನ್ನು ಎರಡೂ ಕೈಯಿಂದ ದೂಡಿದರು. ಮಗು ಉರುಳಿಕೊಂಡು ಆಚೆ ಹೋಯಿತು. ಟೀಚರಿಗೆ ಆಚೆ ಹೋಗಲು ಆಗಲಿಲ್ಲ.

ಧೂಳು ಎದ್ದಿತು. ಆ ಗಂಟಲುಗಳೆಲ್ಲ ಒಮ್ಮೆಗೇ ನಿಂತವು. ನಾವು ಬಿದ್ದ ಗೇಟಿನ ಪಕ್ಕದಿಂದ ಒಳಗೆ ನುಗ್ಗಿದೆವು. ನಾನು ಮಗಳ ಭುಜ ಹಿಡಿದು ಎಳೆದೆ. ಅವಳು ಬರಲಿಲ್ಲ. ಯಾವ ಮಗುವೂ ಬರಲಿಲ್ಲ. ಅಂಗೈಯನ್ನು ಗೋಡೆಗೆ ಒತ್ತಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದವು. ಪಕ್ಕದ ಹೆಂಗಸೊಬ್ಬಳು ಮಗನನ್ನು ಹಿಡಿದು ಜಗ್ಗುತ್ತ, "ಏನಾಗೇತಿ ಇವಕ್ಕ? ಏನ್ ಮಾಡ್ಯಾಳ ಇವಕ್ಕ?" ಎಂದು ಅತ್ತಳು.

ಗೇಟಿನ ಕೆಳಗಿನಿಂದ ದನಿ ಬಂತು. ಎಂದಿನ ಹಾಗೆಯೇ ಸಣ್ಣ ದನಿ. ಅಂದು ಮೊದಲ ಬಾರಿಗೆ ನಮಗೆಲ್ಲ ಕೇಳಿಸಿತು, ನಾವೆಲ್ಲ ಸುಮ್ಮನಾಗಿದ್ದರಿಂದ.

"ಹುಳ ಸಿಕ್ತು."

ಮಕ್ಕಳು ಗೋಡೆ ಬಿಟ್ಟವು.

ಗಂಡಸರು ಸೇರಿ ಗೇಟು ಎತ್ತಿದರು. ಟೀಚರ್ ಅವರ ಸೊಂಟದ ಮೂಳೆಯೂ ಒಂದು ಕಾಲೂ ಮುರಿದಿದ್ದವು. ಆಟೋದಲ್ಲಿ ಹಾಕುವಾಗಲೂ ಅವರು ಮಕ್ಕಳ ಕಡೆಗೇ ನೋಡುತ್ತಿದ್ದರು.

ಇದಾದ ಮೇಲೆ ಊರು ಬದಲಾಯಿತು ಎಂದು ಬರೆಯಬಹುದಾಗಿತ್ತು. ಆಗಲಿಲ್ಲ. ಗೇಟು ಮೊದಲೇ ತೆಗೆದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಗುಂಪಿನಲ್ಲಿ ಬರೆದರು. ಪಾಲಕರನ್ನು ಕೆರಳಿಸಿದ್ದೇ ಟೀಚರ್ ಎಂದು ಮಾಲೀಕರು ಹೇಳಿದರು. ಹೊಸ ಗೇಟು ಬಂತು, ಹೊಸ ಟೀಚರ್ ಬಂದರು, ಮಕ್ಕಳು ಎ ಬಿ ಸಿ ಡಿ ಬರೆಯತೊಡಗಿದವು. ಗೋಡೆಗೆ ಎಣ್ಣೆಬಣ್ಣ ಬಳಿಸಿದರು, ಬಟ್ಟೆಗೆ ಏನೂ ಹತ್ತಬಾರದೆಂದು. ಮಿಲ್ಲಿನಣ್ಣ ಮಾತ್ರ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಬಾಯಿಬಿಟ್ಟು ಟೀಚರ್ ಪರವಾಗಿಯೂ ಮಾತಾಡಲಿಲ್ಲ.

ಸಿರುಗುಪ್ಪಕ್ಕೆ ಟೀಚರನ್ನು ನೋಡಲು ಹೋದೆ. ಕಿಟಕಿಯ ಪಕ್ಕ ಮಂಚದ ಮೇಲೆ ಇದ್ದರು, ಗೋಡೆಗೆ ವಾಕರ್ ಒರಗಿಸಿತ್ತು. ಅಂಗೈಗಳು ಸ್ವಚ್ಛವಾಗಿದ್ದವು. ಒಯ್ದಿದ್ದ ಹಣ್ಣಿನ ಚೀಲವನ್ನು ಮಂಚದ ತುದಿಗಿಟ್ಟೆ.

"ಇದನ್ನೆಲ್ಲ ಯಾಕ ತಂದ್ರಿ? ಹುಡುಗಿ ಹೆಂಗದಾಳ?"

"ಚಲೋ ಅದಾಳ್ರಿ. ನಿಮ್ಮಿಂದ..."

"ಅದು ಬ್ಯಾಡ. ಗುಂಡಿ ಹಾಕ್ಕೊಳ್ತಾಳೇನು?"

"ಹಾಕ್ಕೊಳ್ತಾಳ್ರಿ."

"ಕತಿ ಹೇಳ್ತೀರೇನು?"

"ಹೇಳ್ತೀನ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ. ಇರಬೇಕೆಂದು ಕೇಳುವ ಹಕ್ಕು ನಮಗೂ ಇರಲಿಲ್ಲ.

"ಅವತ್ತು ಆಕಿ ಹೆಸರು ಎಷ್ಟು ಸಲ ಕೂಗಿದ್ರಿ?"

"ಗೊತ್ತಿಲ್ರಿ."

"ಆಕಿಗೆ ಗೊತ್ತಿರ್ತೈತಿ. ನಿಮ್ಮ ದನಿ ಕೇಳಿದ ಮ್ಯಾಲೂ ಗ್ವಾಡಿಗೆ ಓಡ್ಯಾಳ. ಅದು ಆಕಿಗೆ ಸರಳ ಇರ್ಲಿಲ್ಲ. ಮನ್ಯಾಗ ಆಕಿನ್ನ ಬೈಬ್ಯಾಡ್ರಿ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಮತ್ತೆ ಅವರು ಯಾವ ಶಾಲೆಗೂ ಹೋಗಲಿಲ್ಲವಂತೆ. ನಾನು ಮಾಡಿದ ಫೋನನ್ನೂ ಅವರು ಎತ್ತುವುದಿಲ್ಲ.

ಅಂದಿನ ಯೂನಿಫಾರ್ಮನ್ನು ನಾನು ಒಗೆದಿಲ್ಲ. ಹೊಟ್ಟೆಯ ಮೇಲೆ ಸುಣ್ಣ ಹಾಗೆಯೇ ಇದೆ. ಮಗಳಿಗೆ ಅದೀಗ ಚಿಕ್ಕದಾಗಿದೆ.

ಸಂಜೆ ಅವಳು ಹೊರಗೆ ಆಡುತ್ತಿರುತ್ತಾಳೆ. ನಾನು ಬಾಗಿಲಿಗೆ ಬಂದು ಅವಳ ಹೆಸರು ಕರೆಯುತ್ತೇನೆ, ಒಂದೇ ಸಲ. ಆಮೇಲೆ ಚೌಕಟ್ಟು ಹಿಡಿದು ಕಾಯುತ್ತೇನೆ. ಆ ಕಾಯುವ ಹೊತ್ತಿನಲ್ಲಿ ಪ್ರತಿ ದಿನ ತಂತಿ ಕಿತ್ತುಹೋಗುತ್ತದೆ, ಗೇಟಿನ ತಲೆ ಒಳಕ್ಕೆ ವಾಲುತ್ತದೆ, ನನ್ನ ಗಂಟಲಿನಲ್ಲಿ ಅವಳ ಹೆಸರು ಮತ್ತೊಮ್ಮೆ ಎದ್ದು ಬರುತ್ತದೆ. ಅದನ್ನು ನುಂಗಿಕೊಳ್ಳುತ್ತೇನೆ.

ಮಗಳು ಬರುತ್ತಾಳೆ.