ಅಂಗಳದ ಡಾಕ್ಟರಮ್ಮ

ಕೃಷ್ಣಮೂರ್ತಿಪುರಂನ ಆ ಹಲ್ಲಿನ ಡಾಕ್ಟರಮ್ಮ ಬಾಯೊಳಗಿಡುವ ಪುಟ್ಟ ಕನ್ನಡಿಯನ್ನು ಮೊದಲು ತಮ್ಮ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಮಕ್ಕಳಿಗೆ ತಣ್ಣಗೆ ತಾಗಬಾರದಂತೆ.

ನನ್ನ ಮೇಲ್ದವಡೆ ಕಿರಿದಾಗಿ, ಹಲ್ಲುಗಳು ಒಂದರ ಮೇಲೊಂದು ಏರಿ ನಿಂತಿದ್ದವು. "ಅಂಗುಳ ಅಗಲ ಮಾಡ್ಬೇಕಮ್ಮ" ಎಂದರು. ಜೊತೆಗಿದ್ದ ಅಜ್ಜಿಗೆ ಅದು ಅಂಗಳ ಎಂದು ಕೇಳಿಸಿತು. "ನಮ್ದು ಮಹಡಿ ಮೇಲಿನ ಬಾಡಿಗೆ ಮನೆ ಕಣವ್ವ, ಅಂಗಳ ಎಲ್ಲೈತೆ?"

ಡಾಕ್ಟರಮ್ಮ ತಿದ್ದಲಿಲ್ಲ. ಅಂದಿನಿಂದ ನಾನು ಕುರ್ಚಿಯಲ್ಲಿ ಕೂತಾಗಲೆಲ್ಲ ಅವರದು ಒಂದೇ ಮಾತು: "ಎಲ್ಲಿ ಪುಟ್ಟಿ, ನಿನ್ನ ಅಂಗಳ ತೋರ್ಸು."

ಅಂಗುಳಕ್ಕೆ ಸ್ಕ್ರೂ ಇದ್ದ ಒಂದು ಸಾಧನ ಕೂರಿಸಿದರು. ಸಣ್ಣದೊಂದು ಕೀ ಹಾಕಿ ಅದನ್ನು ದಿನಾ ಸಂಜೆ ತುಸು ತಿರುಗಿಸುವ ಕೆಲಸ ಅಜ್ಜಿಯದು. ಕೆಲವು ದಿನಗಳಲ್ಲೇ ನನ್ನ ಮುಂದಿನ ಹಲ್ಲುಗಳ ನಡುವೆ ಸಂದಿ ಬಿಟ್ಟಿತು. ಅಜ್ಜಿ ಹೆದರಿ, ಯಾರಿಗೂ ಹೇಳದೆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸತೊಡಗಿದರು.

ಮುಂದಿನ ಸಲ ಬಾಯಿ ನೋಡಿದ ಡಾಕ್ಟರಮ್ಮ ಅಜ್ಜಿಯ ಕಡೆ ತಿರುಗಿದರು.

"ಮಗೀನ ಹಲ್ಲು ಸೀಳ್ಬುಟ್ನೇನೋ ಅಂತ ಭಯ ಆಯ್ತು ಕಣವ್ವ. ವಾಪಸ್ ತಿರುಗ್ಸ್ಬುಟ್ಟೆ."

ಡಾಕ್ಟರಮ್ಮ ಅಜ್ಜಿಯ ಬೆರಳುಗಳನ್ನು ಆ ಕನ್ನಡಿಯಂತೆಯೇ ಮುಷ್ಟಿಯಲ್ಲಿ ಹಿಡಿದುಕೊಂಡರು. "ಸಂದಿ ಬಿಟ್ರೇನೇ ಅಂಗಳ ಅಗಲ ಆಗ್ತಿದೆ ಅಂತ ಅರ್ಥ ಅಮ್ಮ. ಹಲ್ಲು ಆಮೇಲೆ ಹತ್ರ ಬರುತ್ವೆ." ಕೀಯನ್ನು ಮತ್ತೆ ಅಜ್ಜಿಯ ಕೈಗೇ ಕೊಟ್ಟರು.

ಸಂದಿ ಮುಚ್ಚಿ ಎಷ್ಟೋ ಕಾಲವಾಯಿತು. ಅವರಿಬ್ಬರೂ ಈಗಿಲ್ಲ, ಕ್ಲಿನಿಕ್ ಇದ್ದಲ್ಲಿ ಕನ್ನಡಕದ ಅಂಗಡಿ ಬಂದಿದೆ. ಆ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ನನ್ನ ನಾಲಿಗೆ ತಾನಾಗಿ ಮೇಲಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುತ್ತದೆ. ಬಾಡಿಗೆ ಮನೆಗಳಲ್ಲೇ ಬೆಳೆದ ನನಗೆ ಇರುವ ಸ್ವಂತ ಅಂಗಳ ಅದೊಂದೇ.