ಕೆಸರು ಹಚ್ಚಿದ ಬೋಲ್ಟುಗಳು

ಅವರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದಲ್ಲಿ ಗುಲಾಬಿ ಬಣ್ಣದ ನುಣ್ಣನೆಯ ಚರ್ಮ. ಕೈತುಂಬ ಗ್ರೀಸು ಮೆತ್ತಿದ್ದರೂ ಅಷ್ಟು ಜಾಗ ಮಾತ್ರ ಸ್ವಚ್ಛವಾಗಿರುತ್ತಿತ್ತು. ಆ ಬೆರಳನ್ನು ಕಬ್ಬಿಣದ ಮೇಲೆ ಆಡಿಸುತ್ತ, ಕಣ್ಣು ಇನ್ನೆಲ್ಲೋ ಇಟ್ಟು, "ಇಲ್ಲೈತಿ ನೋಡ್ರಿ" ಎನ್ನುತ್ತಿದ್ದರು. ನಮಗೆ ಯಾವ ಬಿರುಕೂ ಕಾಣುತ್ತಿರಲಿಲ್ಲ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಅವರ ತಗಡಿನ ಶೆಡ್ಡು. ಊರೆಲ್ಲ ಅವರನ್ನು ಪಾಟಾ ಮಿಸ್ತ್ರಿ ಎನ್ನುತ್ತಿತ್ತು. ಪಾಟಾ ಎಂದರೆ ಗಾಡಿಯ ಹಿಂಭಾಗದ ಭಾರ ಹೊರುವ, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಚಿಕ್ಕೋಡಿಗೆ ಬಂದು, ನಿಪ್ಪಾಣಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಆದೆ. ಹಾಗಾಗಿ ಅವರ ಬಾಯಲ್ಲಿ ನಾನು ಅಕ್ಕಾರು, ಎಂದರೆ ಮೇಡಂ. ಒಮ್ಮೆ ಟೈರಿಗೆ ಗಾಳಿ ಹಾಕಿಸಲು ನಿಂತಾಗ ನನ್ನ ಪರ್ಸಿನಿಂದ ಚಾಕ್‌ಪೀಸಿನ ಚೂರುಗಳು ಬಿದ್ದವು. "ಒಗಿಬ್ಯಾಡ್ರಿ ಅಕ್ಕಾರ, ನನಗ ಕೊಡ್ರಿ" ಎಂದರು. ಅಂದಿನಿಂದ ಪ್ರತಿ ಶನಿವಾರ ಒಂದು ಡಬ್ಬಿ ಚೂರು ಒಯ್ಯುವುದು ನನಗೆ ರೂಢಿಯಾಯಿತು.

ಅನುಮಾನ ಬಂದ ಕಬ್ಬಿಣವನ್ನು ಅವರು ಸೀಮೆಎಣ್ಣೆಯಲ್ಲಿ ಅದ್ದಿಡುವರು. ಒರೆಸಿ ಒಣಗಿಸಿ, ಚಾಕಿನ ಪುಡಿ ಸವರಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುವರು. ಬಿರುಕಿದ್ದರೆ ಒಳಗಿಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಷ್ಟು ಗೆರೆ ಮೂಡುವುದು. ಅಂಥ ನೀಟ್ ಆದ ಎಕ್ಸ್‌ಪೆರಿಮೆಂಟನ್ನು ನಾನು ಕಾನ್ವೆಂಟಿನಲ್ಲೂ ನೋಡಿರಲಿಲ್ಲ.

ಮಾತು ಕಡಿಮೆ. ಬಸಿಯಲ್ಲಿ ಚಹಾ ಹೀರುವಾಗಲೂ ಕಣ್ಣು ರಸ್ತೆಯ ಗಾಡಿಗಳ ಹಿಂಗಾಲಿಯ ಮೇಲೆ. "ಆ ಜೀಪಿನಾಂವ ಮಿರಜಿ ಮುಟ್ಟತಾನ್ರಿ. ತಿರಗಿ ಬರೂದು ಮಾತ್ರ ಎಸ್‌ಟಿ ಬಸ್ಸಿನ್ಯಾಗ" ಎನ್ನುವರು, ನಗದೆ.

ನಮ್ಮ ಮನೆಯವರು ಐನಾಪುರದ ದ್ರಾಕ್ಷಿ ತೋಟದ ಮನೆತನದವರು. ಒಳ್ಳೆಯವರೇ, ಆದರೆ ತಪ್ಪಾಯಿತು ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ರವಿವಾರ ಬಂತೆಂದರೆ ಹಿತ್ತಿಲಲ್ಲಿ ಕಾರಿನ ಕೆಳಗೆ ಮಲಗಿರುತ್ತಿದ್ದರು. ದ್ರಾಕ್ಷಿ ಸೀಸನ್ನಿನಲ್ಲಿ ಅವರ ಬಳಗದವರು ಕಾರಿನ ಹಿಂದಿನ ಸೀಟು ಕಿತ್ತು ಪೆಟ್ಟಿಗೆ ತುಂಬುತ್ತಿದ್ದರು. ಹಿಂಭಾಗ ಕುಸಿಯಬಾರದೆಂದು ಕಬ್ಬಿನ ಟ್ರ್ಯಾಲಿಯ ಹಳೆಯ ಪಾಟಾ ಒಂದನ್ನು ಕಾರಿಗೆ ಸೇರಿಸುತ್ತಿದ್ದರು. ಎಂಬತ್ತರ ದಶಕದ ನಡುವೆ ನಮ್ಮವರೂ ಹಾಗೆ ಮಾಡಿದರು. ಪಾಟಾದ ಕಟ್ಟು ದಪ್ಪವಾಗಿ, ಅದನ್ನು ಹಿಂಗಾಲಿಗಳ ಅಚ್ಚಿಗೆ ಬಿಗಿಹಿಡಿಯುವ ಯು ಆಕಾರದ ಬೋಲ್ಟುಗಳ ಉದ್ದ ಸಾಲದಾಯಿತು. ಸಂತೆಯಿಂದ ಉದ್ದನೆಯ ಡುಪ್ಲಿಕೇಟ್ ಬೋಲ್ಟು ತಂದು ತಾವೇ ಬಿಗಿದರು. ಸೀಸನ್ ಮುಗಿದು ಸೀಟು ಮರಳಿ ಬಂತು, ಆದರೆ ಪಾಟಾ, ಬೋಲ್ಟು ಹಾಗೇ ಉಳಿದವು. ಅದೇ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನಾನು ದಿನವೂ ನಿಪ್ಪಾಣಿಗೆ ಡ್ರೈವ್ ಮಾಡುತ್ತಿದ್ದೆ.

ಒಂದು ಶನಿವಾರ ಚಾಕ್ ಕೊಡಲು ನಿಂತಾಗ ಮಿಸ್ತ್ರಿ ಕಾರಿನ ಎತ್ತರದ ಬೆನ್ನು ನೋಡಿದರು. ಕೆಳಗೆ ನುಸುಳಿ ಬೆರಳಾಡಿಸಿದರು. ಒಂದು ಬೋಲ್ಟು ಬಿಚ್ಚಿ ಪರೀಕ್ಷಿಸಿದರು. ಗೆರೆ ಮೂಡಿತು. ನಮ್ಮವರಿಗೆ ಹೇಳಿಕಳಿಸಿ ಕರೆಸಿದರು.

"ಸಾವಕಾರ್ರ, ಬೋಲ್ಟಿನ್ಯಾಗ ಸೀಳ ಐತ್ರಿ. ಹರದ್ರ ಅಚ್ಚ ಸರೀತೈತಿ, ಗಾಡಿ ಕೈಯಾಗ ಇರೂದಿಲ್ಲ."

"ಗಿರಾಕಿ ಕಮ್ಮಿ ಆಗ್ಯಾವೇನ ಮಿಸ್ತ್ರಿ? ಸಾಲಿ ಚಾಕಿನ ಸುಣ್ಣಾ ಬಳದು ಗೆರಿ ತೋರಸ್ತಿ. ನಾಳೆ ನನ್ನ ಹಣಿಬರಾನೂ ಓದತಿಯೇನ?"

ಅದೇ ಬೋಲ್ಟನ್ನು ನಮ್ಮವರು ತಮ್ಮ ಕೈಯಾರೆ ಮತ್ತೆ ಹಾಕಿದರು.

ಸೋಮವಾರ ಮಕ್ಕಳನ್ನು ಬಸ್ಸಿನಲ್ಲಿ ಶಾಲೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿ, ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದೆ. "ಚೇಂಜ್ ಮಾಡಿಬಿಡ್ರಿ ಮಿಸ್ತ್ರಿ. ಅವರಿಗೆ ಗೊತ್ತಾಗಬಾರದ್ರಿ, ಪ್ಲೀಸ್" ಎಂದೆ.

"ಕದ್ದ ಮಾಡೂ ಕೆಲಸ ಅಲ್ರಿ ಇದು ಅಕ್ಕಾರ."

"ಹುಡುಗ್ರು ಕುಂದರತಾರ್ರಿ ಇದರಾಗ."

ಅವರು ಮಕ್ಕಳನ್ನು ನೋಡಿದರು. ಜಾಕ್ ಎಳೆದು ತಂದು ಕಾರಿನ ಕೆಳಗಿಟ್ಟರು.

ಸಂಜೆ ಹಿಂದಿರುಗಿದಾಗ ಟ್ರ್ಯಾಲಿಯ ಪಾಟಾ ಹೋಗಿ ಕಾರಿನದೇ ಅಳತೆಯದು ಕೂತಿತ್ತು. ಬೋಲ್ಟುಗಳು ಹೊಸವು, ಒರಿಜಿನಲ್. ಅವುಗಳ ಮೇಲೆ ಅವರು ಹಳೆಯ ಎಂಜಿನ್ ಆಯಿಲ್ ಸವರಿ, ಕೆಸರು ಮೆತ್ತುತ್ತಿದ್ದರು. "ಹೊಸಾವ ಮಿಂಚತಾವ್ರಿ. ಸಿಕ್ಕ ಬೀಳತೀವಿ." ಆಮೇಲೆ ತೆಗೆದ ಬೋಲ್ಟನ್ನು ಕಲ್ಲಿನ ಮೇಲಿಟ್ಟು ಹೊಡೆದರು. ಎರಡನೆಯ ಏಟಿಗೆ ಮುರಿಯಿತು. ಇಬ್ಬರೂ ಅದನ್ನು ನೋಡಿದೆವು, ತುಂಡುಗಳನ್ನು ಅವರು ಎತ್ತಿಟ್ಟರು. ಮನೆಯಲ್ಲಿ ಪಂಕ್ಚರ್ ಆಗಿತ್ತೆಂದು ಹೇಳಿದೆ.

ನಾಲ್ಕು ವರ್ಷ ಕಳೆಯಿತು. ನಮ್ಮವರು ಶೆಡ್ಡಿನ ಮುಂದೆ ಹಾಯುವಾಗಲೆಲ್ಲ ಕಾರು ನಿಧಾನಿಸಿ, "ಏನ ಮಿಸ್ತ್ರಿ, ನನ್ನ ಬೋಲ್ಟ್ ಇನ್ನಾ ಹರದಿಲ್ಲಲೋ" ಎನ್ನುವರು. "ಹೌದ್ರಿ ಸಾವಕಾರ್ರ, ನಿಮ್ಮ ಕೈಗುಣ" ಎನ್ನುವರು ಮಿಸ್ತ್ರಿ. ನಾನು ಪಕ್ಕದ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದೆ. ಒಳಗೊಳಗೆ ನಗುವೂ ಬರುತ್ತಿತ್ತು.

ಆಗ ಐನಾಪುರದ ನಮ್ಮ ಮೈದುನ ಹಳೆಯ ಕಾರೊಂದನ್ನು ಕೊಂಡ. "ನಾಕ ವರ್ಷ ನನ್ನ ಗಾಡ್ಯಾಗ ನಿಂತೈತಿ, ನಿನ್ನದಕ್ಕೂ ಹಂಗ ಹಾಕ್ತೀನಿ" ಎಂದು ನಮ್ಮವರು ಅದೇ ಸಂತೆಯ ಬೋಲ್ಟು, ಅಂಥದೇ ಟ್ರ್ಯಾಲಿ ಪಾಟಾ ತಂದರು. ಅಮಾವಾಸ್ಯೆಗೆ ಮೈದುನನ ಸಂಸಾರ ಅದರಲ್ಲೇ ಯಡೂರಿನ ಗುಡಿಗೆ ಹೊರಡುವುದಿತ್ತು. ನಾನು ಓಡಿದ್ದು ಶೆಡ್ಡಿಗೆ.

"ಈಗ ಖರೇ ಹೇಳಬೇಕಾಗತೈತ್ರಿ" ಎಂದರು ಮಿಸ್ತ್ರಿ.

"ನನ್ನ ಕೈಲೆ ಆಗೂದಿಲ್ರಿ" ಎಂದೆ. ಹೇಳಿದರೆ ನಮ್ಮವರು ಕಾರಿನ ಕೀ ಕಸಿಯುತ್ತಿದ್ದರು, ಕೀ ಜೊತೆಗೆ ನೌಕರಿಯನ್ನೂ. ಮಿಸ್ತ್ರಿ ಕೈ ಒರೆಸಿಕೊಂಡು ಸೈಕಲ್ ಹತ್ತಿದರು.

ನಾನು ಮನೆ ಮುಟ್ಟುವಷ್ಟರಲ್ಲಿ ಅವರು ನಮ್ಮ ಹಿತ್ತಿಲಲ್ಲಿ ನಿಂತಿದ್ದರು. ಅಣ್ಣತಮ್ಮಂದಿರು ಕಾರಿನ ಕೆಳಗಿಂದ ಎದ್ದು ಬಂದರು. ಮಿಸ್ತ್ರಿ ಕಿಸೆಯಿಂದ ಮುರಿದ ಬೋಲ್ಟಿನ ಎರಡು ತುಂಡು ತೆಗೆದು ಕಟ್ಟೆಯ ಮೇಲಿಟ್ಟರು. "ಸಾವಕಾರ್ರ, ನಿಮ್ಮ ಬೋಲ್ಟ್ ಇವು. ನಾಕ ವರ್ಷದ ಹಿಂದ ನಾನ ಬದಲ ಮಾಡೇನ್ರಿ. ಅಕ್ಕಾರು ಪಂಕ್ಚರಿಗೆ ಬಿಟ್ಟ ಹೋಗಿದ್ರು. ಅವರಿಗೆ ಗೊತ್ತಿಲ್ಲ."

"ಕೇಳಲಾರದ ನನ್ನ ಗಾಡಿಗೆ ಕೈ ಹಚ್ಚಾಕ ನೀ ಯಾರಲೇ?" ನಮ್ಮವರು ಕೆನ್ನೆಗೆ ಹೊಡೆದರು.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಮಿಸ್ತ್ರಿ ಒಮ್ಮೆಯೂ ಈ ಕಡೆ ನೋಡಲಿಲ್ಲ. ಸೈಕಲ್ ತಿರುಗಿಸಿಕೊಂಡು ಹೋದರು. ಮೈದುನ ಆ ತುಂಡುಗಳನ್ನು ಕೈಯಲ್ಲಿ ತೂಗಿ ನೋಡಿದ. ಸ್ಪ್ಯಾನರ್ ಹಿಡಿದು ತನ್ನ ಕಾರಿನ ಬೋಲ್ಟುಗಳನ್ನು ಬಿಚ್ಚತೊಡಗಿದ.

ಹೇಳದೆ ಕೇಳದೆ ಗಾಡಿ ಮುಟ್ಟುತ್ತಾನೆ ಎಂಬ ಮಾತು ಬಜಾರಿನಲ್ಲಿ ಹಬ್ಬಿತು. ಮಿಸ್ತ್ರಿಯಾದವನಿಗೆ ಅದಕ್ಕಿಂತ ಕೆಟ್ಟ ಹೆಸರಿಲ್ಲ. ನಮ್ಮ ಬಳಗದ ಒಂದು ಗಾಡಿಯೂ ಆ ಶೆಡ್ಡಿಗೆ ಮತ್ತೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡದ್ದು ಸ್ಟಾಫ್‌ರೂಮಿನಲ್ಲಿ ಯಾರೋ ಆಡಿದ ಮಾತಿನಿಂದ ತಿಳಿಯಿತು. ಬೆಲ್ ಆಯಿತು, ಕ್ಲಾಸಿಗೆ ಹೋದೆ.

ನಮ್ಮ ಮನೆಯವರೂ ಈಗಿಲ್ಲ. ನನ್ನ ಕೀ ಕಸಿಯುವವರು ಯಾರೂ ಉಳಿದಿಲ್ಲ. ಆದ್ದರಿಂದ ಇದು ಧೈರ್ಯದ ಮಾತೇನೂ ಅಲ್ಲ, ತೀರ ಲೇಟ್. ಆದರೂ ಬರೆದಿಡುತ್ತೇನೆ: ಅವರು ಕೇಳದೆ ಯಾರ ಗಾಡಿಯನ್ನೂ ಮುಟ್ಟಿದವರಲ್ಲ. ಹೇಳಿ ಮಾಡಿಸಿದವಳು ನಾನು.